ಹುಲ್ಲು ಕತ್ತರಿಸುವ ಯಂತ್ರ ಕೊಳ್ಳುವ ಮುನ್ನ 1830ರ ಕಥೆ ಕೇಳಿ

ಕಳೆದ ಮಳೆಗಾಲದಲ್ಲಿ ನಮ್ಮ ತಂಡದ ಒಬ್ಬರಿಗೆ ಊರಿನಿಂದ ಫೋನ್ ಬಂತು. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ವಾಪಸಾದವರೊಬ್ಬರು ಹೊಸ ಮನೆ ಕಟ್ಟಿಸಿದ್ದರು. ಮನೆ ಮುಂದೆ ಒಂದು ಗುಂಟೆಯಷ್ಟು ಜಾಗದಲ್ಲಿ ಹುಲ್ಲುಹಾಸು. ಮಳೆ ಹಿಡಿದ ಮೇಲೆ ಹುಲ್ಲು ವಾರಕ್ಕೊಮ್ಮೆ ಮೊಣಕಾಲಿನ ಕಡೆಗೆ ಹೊರಟಿತ್ತು. "ಒಂದು ಲಾನ್ ಮೋವರ್ ತಗೋಬೇಕು ಕಣ್ರೀ. ಪೇಟೆ ಅಂಗಡಿಯವನು ದೊಡ್ಡ ಪೆಟ್ರೋಲ್ ಮಷಿನ್ ತಗೊಳ್ಳಿ ಅಂತಾನೆ. ಮೊಬೈಲ್‌ನಲ್ಲಿ ನೋಡಿದರೆ ನೂರು ಥರ ಇದೆ. ನೀವು ಓದಿಕೊಂಡವರು, ಯಾವುದು ಒಳ್ಳೆಯದು ಹೇಳಿ" ಎಂದರು.

ನಾವು ಓದಿದ್ದು ಪತ್ರಿಕೋದ್ಯಮ. ಆದರೂ ಕೇಳಿದವರಿಗೆ ಇಲ್ಲ ಅನ್ನಲಾಗಲಿಲ್ಲ. ಊರಿಗೆ ಹೋಗಿ ನೋಡಿದೆವು.

ಅಲ್ಲಿ ಇನ್ನೊಂದು ವಿಷಯ ತಿಳಿಯಿತು. ಆ ಹುಲ್ಲನ್ನು ಅಲ್ಲಿಯವರೆಗೆ ಪಕ್ಕದ ಕೇರಿಯ ಹೆಂಗಸೊಬ್ಬರು ಎಂಟು ದಿನಕ್ಕೊಮ್ಮೆ ಬಂದು ಕುಡುಗೋಲಿನಲ್ಲಿ ಸವರುತ್ತಿದ್ದರು. ಅರ್ಧ ದಿನದ ಕೂಲಿ ಸಿಗುತ್ತಿತ್ತು. ಕೊಯ್ದ ಹುಲ್ಲನ್ನು ಹೊರೆ ಕಟ್ಟಿ ತಮ್ಮ ಎರಡು ಹಸುಗಳಿಗೆ ಒಯ್ಯುತ್ತಿದ್ದರು. ಯಂತ್ರದ ಮಾತು ಕಿವಿಗೆ ಬಿದ್ದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಂಗಾದ್ರೆ ಹುಲ್ಲು ಯಾರಿಗೆ?"

ಯಂತ್ರ ಹುಡುಕಲು ಹೊರಟ ನಾವು ಈ ಪ್ರಶ್ನೆಯ ಬೆನ್ನು ಹತ್ತಿ ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋದೆವು. ಹೋಗಿದ್ದು ಒಳ್ಳೆಯದೇ ಆಯಿತು. ಯಾವ ಯಂತ್ರ ಬೇಕು ಎಂಬುದಕ್ಕೂ ಉತ್ತರ ಅಲ್ಲೇ ಸಿಕ್ಕಿತು.

ಉಣ್ಣೆಯ ಗಿರಣಿಯಲ್ಲಿ ಹುಟ್ಟಿದ್ದು

ಹುಲ್ಲುಹಾಸು ಮೊದಲು ಸಾಮಾನ್ಯರ ಮನೆಯದ್ದಲ್ಲ. ಇಂಗ್ಲೆಂಡಿನಲ್ಲಿ ಅದು ದೊಡ್ಡ ಜಮೀನ್ದಾರರ ಸೊತ್ತು. ಉಳಬಹುದಾದ ಭೂಮಿಯನ್ನು ಉಳದೆ, ಬಿತ್ತದೆ, ಬರೀ ಕಣ್ಣಿಗೆ ಚೆಂದ ಅಂತ ಬಿಡಬೇಕಾದರೆ ಎಷ್ಟು ಜಮೀನು ಇರಬೇಕು ಲೆಕ್ಕ ಹಾಕಿ. ಆ ಹುಲ್ಲನ್ನು ಗಿಡ್ಡಕ್ಕೆ ಇಡಲು ಇದ್ದ ದಾರಿ ಎರಡೇ. ಒಂದು, ಕುರಿ ಮೇಯಿಸುವುದು. ಇನ್ನೊಂದು, ಆಳು ಇಡುವುದು.

ಆಳುಗಳು ಉದ್ದ ಹಿಡಿಯ ದೊಡ್ಡ ಕುಡುಗೋಲು ಹಿಡಿದು ನಿಂತುಕೊಂಡೇ ಬೀಸಿ ಕೊಯ್ಯುತ್ತಿದ್ದರು. ಬೆಳಕು ಹರಿಯುವ ಹೊತ್ತಿಗೇ ಕೆಲಸ ಶುರು. ಇಬ್ಬನಿಯಲ್ಲಿ ನೆನೆದ ಹುಲ್ಲು ಚೆನ್ನಾಗಿ ಕತ್ತರಿಸುತ್ತದೆ, ಒಣಗಿದರೆ ಬಾಗಿ ತಪ್ಪಿಸಿಕೊಳ್ಳುತ್ತದೆ. ಹಿಂದೆ ಹುಲ್ಲು ಗುಡಿಸಿ ಒಟ್ಟುವವರು ಬೇರೆ. ನೆಲವನ್ನು ಗಾಯ ಮಾಡದೆ ಸಮನಾಗಿ ಕೊಯ್ಯುವುದು ವರ್ಷಗಟ್ಟಲೆ ಕಲಿಯಬೇಕಾದ ಕೈಚಳಕ.

ಇದನ್ನು ಬದಲಾಯಿಸಿದವನು ತೋಟದವನಲ್ಲ, ಎಡ್ವಿನ್ ಬಡ್ಡಿಂಗ್ ಎಂಬ ಮೆಕ್ಯಾನಿಕ್. ಊರು ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್‌ನ ಸ್ಟ್ರೌಡ್ ಪಟ್ಟಣದ ಪಕ್ಕದ ಥ್ರಪ್. ಆ ಕಣಿವೆ ತುಂಬ ಉಣ್ಣೆ ಬಟ್ಟೆಯ ಗಿರಣಿಗಳಿದ್ದವು. ನೇಯ್ದ ಉಣ್ಣೆ ಬಟ್ಟೆಯ ಮೇಲೆ ಎದ್ದ ನಾರನ್ನು ಕತ್ತರಿಸಿ ನುಣುಪು ಮಾಡಬೇಕಿತ್ತು. ಅದಕ್ಕೆ ಗಿರಣಿಯಲ್ಲಿ ಒಂದು ಯಂತ್ರ ಇತ್ತು: ತಿರುಗುವ ಉರುಳೆ, ಅದರ ಸುತ್ತ ಸುರುಳಿಯಾಗಿ ಬಿಗಿದ ಅಲಗುಗಳು, ಕೆಳಗೆ ಅಲುಗಾಡದ ಒಂದು ಪಟ್ಟಿ ಅಲಗು. ಉರುಳೆ ತಿರುಗಿದಾಗ ಎರಡು ಅಲಗುಗಳ ಮಧ್ಯೆ ನಾರು ಸಿಕ್ಕಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ತುಂಡಾಗುತ್ತಿತ್ತು.

ಬಟ್ಟೆಯ ಮೇಲಿನ ನಾರಿಗೆ ಆಗುವುದು ನೆಲದ ಮೇಲಿನ ಹುಲ್ಲಿಗೆ ಯಾಕಾಗಬಾರದು? ಬಡ್ಡಿಂಗ್ ಆ ಉರುಳೆಯನ್ನು ಕಬ್ಬಿಣದ ಚೌಕಟ್ಟಿಗೆ ಹಾಕಿ, ಹಿಂದೆ ಒಂದು ಭಾರದ ರೋಲರ್ ಜೋಡಿಸಿದ. ನೂಕಿದರೆ ರೋಲರ್ ಉರುಳುತ್ತದೆ, ಹಲ್ಲುಚಕ್ರಗಳ ಮೂಲಕ ಆ ಉರುಳಾಟ ಅಲಗುಗಳಿಗೆ ಹೋಗುತ್ತದೆ. ರೋಲರ್ ಒಂದು ಸುತ್ತು ಬಂದರೆ ಅಲಗಿನ ಉರುಳೆ ಹದಿನಾರು ಸುತ್ತು. ಕತ್ತರಿಸಿದ ಹುಲ್ಲು ಮುಂದಿನ ಪೆಟ್ಟಿಗೆಗೆ ಹಾರಿ ಬೀಳುತ್ತಿತ್ತು. ಅಗಲ 19 ಇಂಚು. ಜನ ಹುಚ್ಚ ಅಂದಾರು ಅಂತ ಆತ ರಾತ್ರಿ ಹೊತ್ತು ಪರೀಕ್ಷೆ ಮಾಡುತ್ತಿದ್ದ ಅನ್ನುವ ಕಥೆಯೂ ಇದೆ.

ಜಾನ್ ಫೆರಾಬೀ ಎಂಬ ಪಾಲುದಾರ ಹಣ ಹಾಕಿದ. 1830ರ ಆಗಸ್ಟ್ 31ರಂದು ಪೇಟೆಂಟ್ ಸಿಕ್ಕಿತು. ಮೊದಮೊದಲು ಕೊಂಡವರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಪ್ರಾಣಿ ಸಂಗ್ರಹಾಲಯವೂ ಒಂದು. ಅಲ್ಲಿನ ತೋಟದ ಮೇಸ್ತ್ರಿ ಯಂತ್ರವನ್ನು ಬಹಳ ಮೆಚ್ಚಿಕೊಂಡ. ಕುಡುಗೋಲು, ಪೊರಕೆ ಹಿಡಿದ ಆರೆಂಟು ಆಳುಗಳು ಮಾಡುವಷ್ಟನ್ನು ಇದೊಂದೇ ಮಾಡುತ್ತದೆ, ಕೊಯ್ದ ಗುರುತೂ ಉಳಿಯುವುದಿಲ್ಲ ಎಂಬುದು ಅವನ ಶಿಫಾರಸು.

ಆರೆಂಟು ಆಳುಗಳು. ಆ ಮಾತನ್ನು ಓದಿ ನಾವು ಸ್ವಲ್ಪ ನಿಂತೆವು. ಯಂತ್ರ ನಡೆಸಲು ಒಬ್ಬ ನೂಕುವವ, ಮುಂದಿನಿಂದ ಒಬ್ಬ ಎಳೆಯುವವ ಸಾಕು. ಉಳಿದವರು?

ಅದೇ ವಾರ, ಇನ್ನೊಂದು ಯಂತ್ರ

ಬಡ್ಡಿಂಗ್‌ಗೆ ಪೇಟೆಂಟ್ ಸಿಕ್ಕ ಅದೇ ಆಗಸ್ಟ್ ಕೊನೆಯ ವಾರದಲ್ಲಿ ಇಂಗ್ಲೆಂಡಿನ ಇನ್ನೊಂದು ಮೂಲೆಯಲ್ಲಿ, ಕೆಂಟ್ ಪ್ರಾಂತ್ಯದಲ್ಲಿ, ಕೃಷಿ ಕೂಲಿಕಾರರು ರಾತ್ರಿ ಗುಂಪು ಕಟ್ಟಿ ಯಂತ್ರಗಳನ್ನು ಒಡೆಯುತ್ತಿದ್ದರು. ಅವರು ಒಡೆದದ್ದು ಒಕ್ಕಣೆ ಯಂತ್ರವನ್ನು. ಅಲ್ಲಿ ಕೊಯ್ಲಾದ ಮೇಲೆ ಚಳಿಗಾಲವಿಡೀ ಕೂಲಿಯವರಿಗೆ ಇದ್ದ ಕೆಲಸವೆಂದರೆ ಕೋಲಿನಲ್ಲಿ ಬಡಿದು ಕಾಳು ಬೇರೆ ಮಾಡುವುದು. ಯಂತ್ರ ಬಂದು ಆ ಕೆಲಸ ಹೋಯಿತು. ಅದರ ಜೊತೆ ಒಲೆಯ ಬೆಂಕಿಯೂ ಹೋಯಿತು.

'ಕ್ಯಾಪ್ಟನ್ ಸ್ವಿಂಗ್' ಎಂಬ ಕಲ್ಪಿತ ಹೆಸರಿನಲ್ಲಿ ಜಮೀನ್ದಾರರಿಗೆ ಬೆದರಿಕೆ ಪತ್ರಗಳು ಹೋದವು. ಅದಕ್ಕೇ ಇದನ್ನು ಸ್ವಿಂಗ್ ದಂಗೆ ಅನ್ನುತ್ತಾರೆ. ಕೆಲವೇ ತಿಂಗಳಲ್ಲಿ ದಕ್ಷಿಣ ಮತ್ತು ಪೂರ್ವ ಇಂಗ್ಲೆಂಡಿನಲ್ಲೆಲ್ಲ ಹಬ್ಬಿತು. ಸರ್ಕಾರ ಸುಮಾರು 2000 ಜನರನ್ನು ಕೋರ್ಟಿಗೆ ಎಳೆಯಿತು. 19 ಜನರನ್ನು ಗಲ್ಲಿಗೇರಿಸಿತು. 600ಕ್ಕೂ ಹೆಚ್ಚು ಜನರಿಗೆ ಜೈಲು. 480ಕ್ಕೂ ಹೆಚ್ಚು ಜನರನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿತು.

ಒಕ್ಕಣೆ ಯಂತ್ರ ಒಡೆದವರ ಹೆಸರು ಕೋರ್ಟಿನ ದಾಖಲೆಯಲ್ಲಾದರೂ ಉಳಿಯಿತು. ಹುಲ್ಲು ಕೊಯ್ಯುತ್ತಿದ್ದ ಆರೆಂಟು ಆಳುಗಳ ಹೆಸರು ಎಲ್ಲೂ ಉಳಿಯಲಿಲ್ಲ. ನಮಗೆ ತೋಚುವ ಕಾರಣ ಇಷ್ಟು: ಒಕ್ಕಣೆಯಲ್ಲಿ ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಹುಲ್ಲು ಕೊಯ್ಯುವವರು ಒಬ್ಬ ದೊರೆಯ ಮನೆಯಲ್ಲಿ ನಾಲ್ವರು, ಇನ್ನೊಬ್ಬನ ಮನೆಯಲ್ಲಿ ಇಬ್ಬರು. ಚದುರಿ ಹೋದವರು ಗುಂಪು ಕಟ್ಟುವುದು ಹೇಗೆ? ನಮ್ಮ ಕಡೆ ಭತ್ತ ಕೊಯ್ಯುವ ಯಂತ್ರ ಬಂದಾಗ ಊರ ತುಂಬ ಮಾತಾಯಿತು. ಯಾರದೋ ಕಾಂಪೌಂಡಿನೊಳಗೆ ಒಬ್ಬರ ಅರ್ಧ ದಿನದ ಕೂಲಿ ಹೋದರೆ ಮಾತೇ ಆಗುವುದಿಲ್ಲ.

ಲಿಸ್ಟರ್, ಲೇಲ್ಯಾಂಡ್

ಬಡ್ಡಿಂಗ್ 1846ರಲ್ಲಿ ತೀರಿಕೊಂಡ. ಕೊನೆಯ ವರ್ಷಗಳಲ್ಲಿ ಡರ್ಸ್ಲಿ ಎಂಬ ಊರಿನಲ್ಲಿ ಜಾರ್ಜ್ ಲಿಸ್ಟರ್ ಎಂಬವನ ಜೊತೆ ಉಣ್ಣೆ ಹಿಂಜುವ ಸಾಮಗ್ರಿಯ ಕೆಲಸದಲ್ಲಿದ್ದ. ಈ ಲಿಸ್ಟರನ ಮಗ 1867ರಲ್ಲಿ ಅದೇ ಊರಲ್ಲಿ ತನ್ನದೇ ಕಂಪನಿ ಕಟ್ಟಿದ. ಮುಂದೆ ಅದು ಇಂಜಿನ್‌ಗಳಿಗೆ ಹೆಸರಾಯಿತು. ಕರೆಂಟ್ ಬರುವ ಮೊದಲು ಬಾವಿಯ ನೀರೆತ್ತುತ್ತಿದ್ದ 'ಲಿಸ್ಟರ್ ಇಂಜಿನ್' ನೆನಪಿರುವ ಹಿರಿಯರು ನಿಮ್ಮೂರಲ್ಲೂ ಇರಬಹುದು, ಕೇಳಿ ನೋಡಿ.

ಬಡ್ಡಿಂಗ್ ಯಂತ್ರ ಮಣಭಾರ ಇತ್ತು. 1842ರಲ್ಲಿ ಸ್ಕಾಟ್‌ಲೆಂಡಿನ ಅಲೆಕ್ಸಾಂಡರ್ ಶ್ಯಾಂಕ್ಸ್ 27 ಇಂಚು ಅಗಲದ ಯಂತ್ರ ಮಾಡಿ ಪುಟ್ಟ ಕುದುರೆಗೆ ಕಟ್ಟಿದ. ಗೊರಸಿನ ಗುರುತು ಹುಲ್ಲಿನ ಮೇಲೆ ಬೀಳಬಾರದು ಅಂತ ಕುದುರೆಗೆ ಚರ್ಮದ ಬೂಟು ತೊಡಿಸುತ್ತಿದ್ದರು. ನಗಬೇಡಿ, ನಿಜ. 1859ರಲ್ಲಿ ಲೀಡ್ಸ್‌ನ ಥಾಮಸ್ ಗ್ರೀನ್ ಹಲ್ಲುಚಕ್ರದ ಬದಲು ಚೈನು ಹಾಕಿ ಸದ್ದು ಕಡಿಮೆ ಮಾಡಿದ.

ಆಮೇಲೆ ಬಂದದ್ದು ಹಬೆ. ಇಂಗ್ಲೆಂಡಿನ ಲೇಲ್ಯಾಂಡ್ ಎಂಬ ಊರಿನ ಜೇಮ್ಸ್ ಸಮ್ನರ್ 1893ರಲ್ಲಿ ಹಬೆಯಿಂದ ಓಡುವ ಹುಲ್ಲಿನ ಯಂತ್ರಕ್ಕೆ ಪೇಟೆಂಟ್ ಪಡೆದ. ಬಾಯ್ಲರ್ ಕಾಯಿಸಿ, ಹಬೆ ಏರುವವರೆಗೆ ಕಾದು, ಆಮೇಲೆ ಹುಲ್ಲು ಕತ್ತರಿಸಬೇಕು. ಆ ಯಂತ್ರ ಹೆಚ್ಚು ಕಾಲ ಬಾಳಲಿಲ್ಲ. ಆದರೆ ಸಮ್ನರ್ ಮತ್ತು ಸ್ಪರಿಯರ್ ಕುಟುಂಬಗಳು ಸೇರಿ 1896ರಲ್ಲಿ ಹಬೆ ವ್ಯಾನ್ ಮಾಡುವ ಕಂಪನಿ ಕಟ್ಟಿದವು. 1907ರಲ್ಲಿ ಅದರ ಹೆಸರು ಲೇಲ್ಯಾಂಡ್ ಮೋಟರ್ಸ್ ಆಯಿತು. 1948ರಲ್ಲಿ ಮದ್ರಾಸಿನಲ್ಲಿ ಶುರುವಾದ ಅಶೋಕ್ ಮೋಟರ್ಸ್, ಆ ಕಂಪನಿ ಬಂಡವಾಳ ಹಾಕಿದ ಮೇಲೆ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ನಾವು ಕಾಲೇಜಿಗೆ ಜೋತುಬಿದ್ದು ಹೋಗುತ್ತಿದ್ದ ಬಸ್ಸಿನ ಮುಂದಿನ ಹೆಸರಿಗೂ ಹುಲ್ಲು ಕತ್ತರಿಸುವ ಯಂತ್ರಕ್ಕೂ ಇಂಥ ಒಂದು ನಂಟಿದೆ ಎಂದು ಯಾರು ಊಹಿಸಿದ್ದರು?

1902ರ ಹೊತ್ತಿಗೆ ರ‍್ಯಾನ್ಸಮ್ಸ್ ಕಂಪನಿ ಪೆಟ್ರೋಲ್ ಯಂತ್ರ ಮಾರತೊಡಗಿತು. ಬಡ್ಡಿಂಗ್ ಯಂತ್ರ ತಯಾರಿಸಲು 1832ರಲ್ಲೇ ಅನುಮತಿ ಪಡೆದಿದ್ದ ಕಂಪನಿ ಅದು. ಹೀಗೆ ಇಂಜಿನ್ ಬದಲಾದರೂ ಒಳಗಿನ ಅಲಗು ಅದೇ: ತಿರುಗುವ ಉರುಳೆ, ಕೆಳಗೊಂದು ಪಟ್ಟಿ. ಕತ್ತರಿಯ ಕೆಲಸ.

ಹಣ್ಣಿನ ಡಬ್ಬಿ, ಪಾಪ್‌ಕಾರ್ನ್ ಡಬ್ಬಿ

ಇನ್ನೊಂದು ಬಗೆ ಹುಟ್ಟಲು ಸಣ್ಣ, ವೇಗದ ಇಂಜಿನ್ ಬರಬೇಕಾಯಿತು. ಇದರಲ್ಲಿ ಕತ್ತರಿ ಇಲ್ಲ, ಕತ್ತಿ ಇದೆ. ಫ್ಯಾನಿನ ರೆಕ್ಕೆಯಂತೆ ಅಡ್ಡಲಾಗಿ ಮಲಗಿದ ಒಂದೇ ಅಲಗು ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗಿ ಹುಲ್ಲಿಗೆ ಹೊಡೆಯುತ್ತದೆ. ನಾವು ಬೇಲಿ ಸವರುವಾಗ ಕತ್ತಿ ಬೀಸುತ್ತೇವಲ್ಲ, ಹಾಗೆ. ಉದ್ದ ಹುಲ್ಲು, ಒರಟು ಕಳೆ, ಏರುತಗ್ಗು ನೆಲ ಯಾವುದಕ್ಕೂ ಇದು ಅಂಜುವುದಿಲ್ಲ.

ಇದನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಆಸ್ಟ್ರೇಲಿಯಾದ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ ಹೆಸರು ದೊಡ್ಡದು. ರಜೆಯಲ್ಲಿ ಹುಲ್ಲು ಕತ್ತರಿಸಿ ದುಡಿಯುತ್ತಿದ್ದ ಮಗನಿಗಾಗಿ ಆತ 1952ರಲ್ಲಿ ಸಿಡ್ನಿಯ ತನ್ನ ಮನೆಯ ಗ್ಯಾರೇಜಿನಲ್ಲಿ ಹಗುರ ಯಂತ್ರ ಜೋಡಿಸಿದ. ಪೆಟ್ರೋಲ್ ಟ್ಯಾಂಕಿಗೆ ಬಳಸಿದ್ದು ಪೀಚ್ ಹಣ್ಣಿನ ಖಾಲಿ ಡಬ್ಬಿ. ತನ್ನ ಹೆಸರಿನ ವಿಕ್ಟರ್‌ನಿಂದಲೇ ಯಂತ್ರಕ್ಕೆ 'ವಿಕ್ಟಾ' ಎಂದು ಹೆಸರಿಟ್ಟ. ಆ ದೇಶದಲ್ಲಿ ಅದು ಎಷ್ಟು ಮನೆಮಾತಾಯಿತೆಂದರೆ 2000ದ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಕಲಾವಿದರು ಈ ಯಂತ್ರಗಳನ್ನು ನೂಕಿಕೊಂಡು ಮೈದಾನಕ್ಕೆ ಬಂದರು. ಯಂತ್ರ ಒಡೆದ ತಪ್ಪಿಗೆ ಕೂಲಿಕಾರರನ್ನು ಗಡೀಪಾರು ಮಾಡಿದ್ದು ಇದೇ ಆಸ್ಟ್ರೇಲಿಯಾಕ್ಕೆ ಎಂಬುದು ನೆನಪಿರಲಿ.

ನಮ್ಮ ಅಡಿಕೆ, ಕಾಫಿ ತೋಟಗಳಲ್ಲಿ ಸದ್ದು ಮಾಡುವ ಕಳೆ ಕೊಚ್ಚುವ ಯಂತ್ರ ನಿಮಗೆ ಗೊತ್ತೇ ಇದೆ. ಅದಕ್ಕೆ ಹಾಕುವ ನೈಲಾನ್ ದಾರದ ಉಪಾಯ ಅಮೆರಿಕದ ಟೆಕ್ಸಾಸ್‌ನ ಜಾರ್ಜ್ ಬಲ್ಲಾಸ್‌ನದು. 1971ರಲ್ಲಿ ಕಾರು ತೊಳೆಯುವ ಕಡೆ ಗಿರಗಿರ ತಿರುಗುವ ಬ್ರಷ್ ನೋಡಿ ಅವನಿಗೆ ಇದು ಹೊಳೆಯಿತು. ಮೊದಲು ಪ್ರಯೋಗ ಮಾಡಿದ್ದು ಪಾಪ್‌ಕಾರ್ನ್ ಡಬ್ಬಿಗೆ ಮೀನಿನ ಗಾಳದ ದಾರ ಕಟ್ಟಿ.

ಬಟ್ಟೆ ಗಿರಣಿ, ಹಣ್ಣಿನ ಡಬ್ಬಿ, ಕಾರು ತೊಳೆಯುವ ಬ್ರಷ್. ಇವೆಲ್ಲ ತಮ್ಮ ಮುಂದಿದ್ದ ಒಂದು ಕಷ್ಟಕ್ಕೆ ಕೈಗೆ ಸಿಕ್ಕಿದ್ದರಲ್ಲಿ ಪರಿಹಾರ ಹುಡುಕಿದವರ ಕೆಲಸ. ಈಗ ಬ್ಯಾಟರಿ ಯಂತ್ರ ಬಂದಿದೆ. ಸ್ವೀಡನ್ನಿನ ಹಸ್ಕ್‌ವರ್ನಾ ಕಂಪನಿ 1995ರಲ್ಲೇ ಬಿಸಿಲಿನ ಶಕ್ತಿಯಿಂದ ತಾನೇ ಓಡಾಡುವ ರೋಬೋಟ್ ಯಂತ್ರ ತಂದಿತು. ಶಕ್ತಿ ಎಲ್ಲಿಂದ ಬಂದರೂ ಮನೆ ಅಂಗಳದ ಮಟ್ಟಿಗೆ ಹುಲ್ಲು ಕತ್ತರಿಸುವ ವಿಧಾನ ಮುಖ್ಯವಾಗಿ ಎರಡೇ: ಕತ್ತರಿಯದ್ದು, ಕತ್ತಿಯದ್ದು.

ನಮ್ಮ ಗರಿಕೆ

ನಮ್ಮ ಕಡೆ ಹುಲ್ಲುಹಾಸಿನ ಅಭ್ಯಾಸ ಬೇರೂರಿದ್ದು ಬ್ರಿಟಿಷರ ಬಂಗಲೆಗಳಿಂದ. 1809ರಲ್ಲಿ ಬೆಂಗಳೂರು ದಂಡು ಪ್ರದೇಶ ಬಂತು, 1870ರಲ್ಲಿ ಕಬ್ಬನ್ ಪಾರ್ಕ್, 1876ರಲ್ಲಿ ಗಾಲ್ಫ್ ಕ್ಲಬ್. ಅಲ್ಲಿಂದ ಸರ್ಕಾರಿ ಬಂಗಲೆ, ಬಡಾವಣೆ, ಮದುವೆ ಹಾಲ್ ದಾಟಿ ಈಗ ಹಳ್ಳಿಯ ಹೊಸ ಮನೆಗಳಿಗೂ ಹೋಂಸ್ಟೇಗಳಿಗೂ ಬಂದಿದೆ.

ತಮಾಷೆಯೆಂದರೆ ನರ್ಸರಿಯವರು 'ಬರ್ಮುಡಾ' ಅಂತ ಹೆಸರು ಹೇಳಿ ಮಾರುವ ಹುಲ್ಲು ನಮ್ಮ ಗರಿಕೆಯ ಜಾತಿಯದ್ದೇ. ಗಣಪತಿಗೆ ಇಪ್ಪತ್ತೊಂದು ಎಣಿಸಿ ಏರಿಸುತ್ತೇವಲ್ಲ, ಅದೇ. ಹೊಲದ ಬದುವಿನಲ್ಲಿ ಕಿತ್ತಷ್ಟೂ ಬರುತ್ತದೆ ಅಂತ ಬೈಯುತ್ತೇವಲ್ಲ, ಅದೂ ಅದೇ. ಅದರ ಬಗೆಬಗೆಯ ತಳಿಗಳನ್ನೇ ಗಾಲ್ಫ್ ಮೈದಾನಗಳಲ್ಲಿ ಬೆಳೆಸುತ್ತಾರೆ.

ಹಾಗಾದರೆ ಯಾವ ಯಂತ್ರ?

ಇಷ್ಟು ತಿಳಿದ ಮೇಲೆ ನಾವು ಆ ಮನೆಯವರಿಗೆ ಕೇಳಿದ್ದು ನಾಲ್ಕು ಪ್ರಶ್ನೆ. ನೀವೂ ಕೇಳಿಕೊಳ್ಳಬಹುದು.

ಮೊದಲನೆಯದು, ಹುಲ್ಲು ಯಾವುದು? ಗರಿಕೆಯಂಥ ಸಣ್ಣ ಎಲೆಯ ಹುಲ್ಲಿಗೆ ಕತ್ತರಿ ಬಗೆಯ ಉರುಳೆ ಯಂತ್ರ ಚೆನ್ನ. ತುದಿ ನೀಟಾಗಿ ತುಂಡಾಗುತ್ತದೆ. ಹೊಡೆತಕ್ಕೆ ಹರಿದ ತುದಿ ಮಾತ್ರ ಎರಡು ದಿನದಲ್ಲಿ ಕಂದಾಗುತ್ತದೆ, ಅಲಗು ಮೊಂಡಾಗಿದ್ದರಂತೂ ಇನ್ನೂ ಹೆಚ್ಚು. ಅಗಲ ಎಲೆಯ ಕಾರ್ಪೆಟ್ ಹುಲ್ಲನ್ನು ಸ್ವಲ್ಪ ಎತ್ತರಕ್ಕೆ ಬಿಟ್ಟು ಕತ್ತಿ ಬಗೆಯಲ್ಲಿ ಕತ್ತರಿಸುವುದು ಸುಲಭ.

ಎರಡನೆಯದು, ನೆಲ ಹೇಗಿದೆ? ಉರುಳೆ ಯಂತ್ರಕ್ಕೆ ಸಮ ನೆಲ ಬೇಕು. ಒಂದು ಕಲ್ಲು ಸಿಕ್ಕಿದರೆ ಅಲಗು ಮುಕ್ಕಾಗುತ್ತದೆ. ಕತ್ತಿ ಯಂತ್ರ ಕಲ್ಲನ್ನು ಎತ್ತಿ ಎಸೆಯುತ್ತದೆ. ನಮ್ಮಲ್ಲೊಬ್ಬರು ಓದಿದ ಕಾಲೇಜಿನ ಕಿಟಕಿ ಗಾಜು ಹೀಗೇ ಒಡೆದದ್ದು. ಅಲ್ಲಿ ಯಾರ ಕಣ್ಣೂ ಇರಲಿಲ್ಲ, ಪುಣ್ಯ. ಆದ್ದರಿಂದ ಇಂಥ ಯಂತ್ರ ಓಡುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ, ಕಾಲಿಗೆ ಶೂ, ಕಣ್ಣಿಗೆ ಕನ್ನಡಕ ಹಾಕಿ. ವೈರ್ ಎಳೆದು ಓಡಿಸುವ ಕರೆಂಟ್ ಯಂತ್ರವಾದರೆ ವೈರಿನ ಮೇಲೇ ಅಲಗು ಹೋಗದಂತೆ ನೋಡಿಕೊಳ್ಳಬೇಕು, ಒದ್ದೆ ಹುಲ್ಲಿನಲ್ಲಿ ಮುಟ್ಟಲೇಬಾರದು.

ಮೂರನೆಯದು, ಜಾಗ ಎಷ್ಟು? ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಒಂದು ಅಡಿ ಅಗಲದ ಯಂತ್ರವನ್ನು 33 ಸಾಲು ನೂಕಿದರೆ ಮುಗಿಯಿತು. ಒಟ್ಟು ನಡಿಗೆ 1089 ಅಡಿ, ಅಂದರೆ ಸುಮಾರು 330 ಮೀಟರ್. ತಿರುಗುವುದು, ಸಾಲಿನ ಮೇಲೆ ಸಾಲು ಬರುವುದು ಎಲ್ಲ ಸೇರಿದರೂ ಅರ್ಧ ಕಿಲೋಮೀಟರ್ ದಾಟುವುದಿಲ್ಲ. ಇಷ್ಟಕ್ಕೆ ಪೆಟ್ರೋಲ್ ಇಂಜಿನ್ ಯಾಕೆ? ಅದೇ ಒಂದು ಎಕರೆಯ ಶಾಲಾ ಮೈದಾನವಾದರೆ ಇದೇ ಲೆಕ್ಕದಲ್ಲಿ 13 ಕಿಲೋಮೀಟರ್ ಆಗುತ್ತದೆ. ಅಲ್ಲಿ ಇಂಜಿನ್ ಬೇಕು, ಅಗಲವೂ ಹೆಚ್ಚು ಬೇಕು.

ಒಂದು ಷರತ್ತಿದೆ. ಕೈಯಿಂದ ನೂಕುವ ಉರುಳೆ ಯಂತ್ರಕ್ಕೆ ಉದ್ದ ಬೆಳೆದ ಹುಲ್ಲು ಆಗುವುದಿಲ್ಲ. ಹುಲ್ಲು ಬಾಗುತ್ತದೆ, ಕತ್ತರಿಸುವುದಿಲ್ಲ. ಮಳೆಗಾಲದಲ್ಲಿ ಐದಾರು ದಿನಕ್ಕೊಮ್ಮೆ ಓಡಿಸಲೇಬೇಕು. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ತಿಂಗಳಿಗೊಮ್ಮೆ ಹುಲ್ಲಿನ ನೆನಪಾಗುವವರು ಇದನ್ನು ಕೊಳ್ಳದಿರುವುದೇ ಒಳ್ಳೆಯದು.

ನಾಲ್ಕನೆಯದು ಅಂಗಡಿಯವರು ಕೇಳದ ಪ್ರಶ್ನೆ: ಕತ್ತರಿಸಿದ ಹುಲ್ಲು ಎಲ್ಲಿಗೆ ಹೋಗುತ್ತದೆ? ಇಂಗ್ಲೆಂಡಿನ ದೊರೆಗೆ ಅದು ಕಸ. ನಮಗೆ ಮೇವು. ನೈಲಾನ್ ದಾರದ ಯಂತ್ರದಲ್ಲಿ ಕತ್ತರಿಸಿದರೆ ದಾರದ ಚೂರುಗಳು ಹುಲ್ಲಿನಲ್ಲಿ ಬೆರೆಯುತ್ತವೆ, ಮಣ್ಣೂ ಸೇರುತ್ತದೆ. ಪೆಟ್ರೋಲ್ ಯಂತ್ರವಾದರೆ ಎಣ್ಣೆ ಹನಿ ಬೀಳಬಹುದು. ಅಂಥದ್ದನ್ನು ಹಸುವಿನ ಮುಂದೆ ಹಾಕಲು ಮನಸ್ಸು ಬರುವುದಿಲ್ಲ. ಕೈ ಯಂತ್ರಕ್ಕೆ ಪೆಟ್ಟಿಗೆ ಸಿಕ್ಕಿಸಿದರೆ ಹುಲ್ಲು ಶುದ್ಧವಾಗಿ ಅದರಲ್ಲಿ ಬೀಳುತ್ತದೆ. ರಾಶಿ ಹಾಕಿಟ್ಟರೆ ಬೇಗ ಬಿಸಿಯಾಗಿ ಹುಳಿಯುತ್ತದೆ, ಹಾಗಾಗಿ ಅಂದೇ ಸ್ವಲ್ಪ ಸ್ವಲ್ಪ ಹಾಕಬೇಕು. ವಿಷದ ಔಷಧಿ ಹೊಡೆದ ಹುಲ್ಲಾದರೆ ಮಾತ್ರ ಯಾವ ಯಂತ್ರದಲ್ಲಿ ಕತ್ತರಿಸಿದರೂ ಬೇಡ.

ಕೊನೆಗೆ ಆದದ್ದು

ಆ ಮನೆಯವರು ಕೈಯಿಂದ ನೂಕುವ, ಪೆಟ್ಟಿಗೆ ಇರುವ ಉರುಳೆ ಯಂತ್ರವನ್ನೇ ತರಿಸಿದರು. ಮೊದಲ ಎರಡು ವಾರ ಉತ್ಸಾಹದಿಂದ ತಾವೇ ನೂಕಿದರು. ಮೂರನೇ ವಾರ ಬೆನ್ನು ಹಿಡಿಯಿತು. ಹಳೆಯ ಹೆಂಗಸಿಗೇ ಮತ್ತೆ ಕರೆ ಹೋಯಿತು.

ಅರ್ಧ ದಿನದ ಕೆಲಸ ಈಗ ಮುಕ್ಕಾಲು ಗಂಟೆಗೆ ಮುಗಿಯುತ್ತಿತ್ತು. ಕೂಲಿಯ ಮಾತು ಬಂತು. ಮುಕ್ಕಾಲು ಗಂಟೆಗೆ ಅರ್ಧ ದಿನದ ಕೂಲಿ ಯಾಕೆ ಎಂದು ಅವರು ಕೇಳಿದರು. ಆಗ ನಾವು ರೀಜೆಂಟ್ಸ್ ಪಾರ್ಕಿನ ಆರೆಂಟು ಆಳುಗಳ ಕಥೆ ಹೇಳಿದೆವು. ಯಂತ್ರ ಉಳಿಸಿದ ಹೊತ್ತು ಯಾರ ಜೇಬಿಗೆ ಹೋಗಬೇಕು ಎಂಬ ಜಗಳ ಇನ್ನೂರು ವರ್ಷ ಹಳೆಯದು, ಅದು ನಿಮ್ಮ ಅಂಗಳಕ್ಕೂ ಬಂದಿದೆ ಅಷ್ಟೇ ಎಂದೆವು. ಅವರು ನಕ್ಕರು, ಒಪ್ಪಲಿಲ್ಲ. ಆ ಹೆಂಗಸು ಮಾತ್ರ ಇಂಗ್ಲೆಂಡಿನ ಕಥೆಗೆ ಕಾಯಲಿಲ್ಲ. "ಗಂಟೆ ಲೆಕ್ಕ ಬೇಡ, ಸಲದ ಲೆಕ್ಕ ಕೊಡಿ. ಗೋಡೆ ಅಂಚು, ಗಿಡದ ಬುಡ ನಿಮ್ಮ ಮಷಿನ್ ಮಾಡಲ್ಲ, ಅದು ನನ್ನ ಕುಡುಗೋಲೇ ಮಾಡಬೇಕು" ಎಂದರು. ಎಳೆದಾಟವಾಗಿ, ಹಿಂದಿನ ಕೂಲಿಗಿಂತ ಸ್ವಲ್ಪ ಕಡಿಮೆ, ಗಂಟೆ ಲೆಕ್ಕಕ್ಕಿಂತ ಬಹಳ ಹೆಚ್ಚು ಎಂಬಲ್ಲಿಗೆ ಬಂದು ನಿಂತಿತು. ಹುಲ್ಲು ಪೂರ್ತಿ ಅವರಿಗೇ.

ಕಳೆದ ವಾರ ನಾವು ಹೋದಾಗ ಅವರು ಯಂತ್ರವನ್ನು ಮಗುಚಿ ಹಾಕಿ ಅಲಗಿಗೆ ಎಣ್ಣೆ ಸವರುತ್ತಿದ್ದರು. ಪಕ್ಕದಲ್ಲಿ ಕುಡುಗೋಲು, ಚೀಲದ ತುಂಬ ಹಸಿ ಗರಿಕೆ. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತೇ ಎಂದು ಕೇಳಿದೆವು. "ಹುಲ್ಲು ಸಿಕ್ತು. ಕೂಲಿ ಮುಂದಿನ ವರ್ಷ ಇನ್ನೊಂದು ಸಲ ಕೇಳ್ಬೇಕು" ಎಂದರು.